ಖಜಾನೆಯ ಹಿಂದಿನ ಗೋಡೆ

ಪುರಾತತ್ವ ಇಲಾಖೆಯ ಸಾಹೇಬರು ಸಿಂಧನೂರು ಬಿಟ್ಟರು ಎಂಬ ಸುದ್ದಿ ಬಂದು ಬಹಳ ಹೊತ್ತಾಗಿತ್ತು. ಆಮೇಲೆ, ಮಸ್ಕಿಯಲ್ಲಿ ಜೀಪು ನಿಲ್ಲಿಸಿ ಅಶೋಕನ ಶಾಸನ ನೋಡಲು ಗುಡ್ಡದ ಕಡೆ ಹೋಗಿದ್ದಾರೆ ಎಂಬ ಇನ್ನೊಂದು ಸುದ್ದಿ ಬಂತು. ಎರಡು ಸಾವಿರ ವರ್ಷದಿಂದ ಅಲ್ಲೇ ಇರುವ ಬಂಡೆ ನಾಳೆಯೂ ಇರುತ್ತಿತ್ತಲ್ಲ, ಇವತ್ತೇ ನೋಡಬೇಕಿತ್ತೇ ಎಂದು ಗಾಳೆಮ್ಮನಿಗೆ ಮೈಯೆಲ್ಲ ಉರಿಯಿತು. ಲಿಂಗಸುಗೂರಿನ ಹಳೇ ಖಜಾನೆಯ ಮುಂದೆ, ಬೇವಿನ ಗಿಡದ ಕೆಳಗೆ, ಶಾಮಿಯಾನದವನಿಂದ ತರಿಸಿದ ಕಬ್ಬಿಣದ ಕುರ್ಚಿಯ ಮೇಲೆ ಅವಳು ಬೆಳಗಿನಿಂದ ಕೂತಿದ್ದಳು. ನೆರಳು ಸರಿದಂತೆಲ್ಲ ಕುರ್ಚಿಯನ್ನೂ ಸರಿಸಿಕೊಂಡಿದ್ದಳು. ಮಧ್ಯಾಹ್ನ ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಒಮ್ಮೆ ಮನೆಗೆ ಓಡಿಹೋಗಿ, ರೊಟ್ಟಿ ಪಲ್ಯ ಬಡಿಸಿ, ತಾನೂ ನಿಂತುಕೊಂಡೇ ಎರಡು ತುತ್ತು ನುಂಗಿ, ಚಿಕ್ಕವಳ ಮೂಗು ಒರೆಸಿ ಓಡಿಬಂದಿದ್ದಳು. ಆ ಅವಸರದಲ್ಲಿ ತನ್ನದೇ ಒಂದು ಕೆಲಸ ಮರೆತುಬಂದಿದ್ದಳು. ಈಗ ಅದು ಹೊಟ್ಟೆಯ ಕೆಳಗೆ ಕಲ್ಲಿನ ಹಾಗೆ ಕೂತು, ಸ್ವಲ್ಪ ಮಿಸುಕಿದರೆ ಸಾಕು ನೆನಪು ಮಾಡುತ್ತಿತ್ತು. ಮನೆ ಮೂರು ಓಣಿಯಾಚೆಗೆ. ಎದ್ದು ಹೋಗಿ ಬರುವುದು ದೊಡ್ಡ ಮಾತಲ್ಲ. ಆದರೆ ಸಾಹೇಬರು ಹೊರಟ ಸುದ್ದಿ ಬಂದ ಮೇಲೆ ಅವಳು ಕುರ್ಚಿಯಿಂದ ಎದ್ದಾಗಲೆಲ್ಲ ವೆಂಕೋಬ ಮಾಸ್ತರರು ಎರಡೂ ಕೈ ಮುಂದೆ ಮಾಡಿ, ದಾರಿಗೆ ಅಡ್ಡ ಬಂದ ಕರುವನ್ನು ತಡೆಯುವವರಂತೆ ನಿಲ್ಲುತ್ತಿದ್ದರು.

“ಎಲ್ಲಿಗೆ ಹೊಂಟ್ರಿ ಗಾಳೆಮ್ಮನವರ? ಕುಂದರ್ರಿ, ಕುಂದರ್ರಿ. ಸಾಹೇಬ್ರು ಬಂದೇ ಬಿಟ್ಟರು. ನೀವ ಇಲ್ಲ ಅಂದರ ಹೆಂಗರಿ, ಎಲ್ಲಾ ನಿಮ್ಮ ಮಾತಿನ ಮ್ಯಾಲೆ ನಿಂತೈತಿ.”

ಎಲ್ಲಿಗೆ ಎಂದು ಕೇಳಿದರೆ ಏನು ಹೇಳಬೇಕು? ಪಕ್ಕದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡಿದ್ದ ಕನಕರಾಯ, “ಮನಿ ನೆನಪಾತೇನ ತಂಗಿ? ತಡಿ, ಇನ್ನೊಂದು ಚಾ ತರಸ್ತೀನಿ,” ಎಂದು ಕೂಗಿ ಹೋಟೆಲಿನ ಕಡೆ ಬೆರಳು ತೋರಿಸುತ್ತಿದ್ದ. ಚಹಾ ಬರುತ್ತಿತ್ತು. ಬೇಡವೆಂದರೆ ಕಾರಣ ಹೇಳಬೇಕಲ್ಲ ಎಂದು ಅವಳು ಅದನ್ನೂ ಕುಡಿಯುತ್ತಿದ್ದಳು. ಕುಡಿದು, ಖಾಲಿ ಲೋಟವನ್ನು ಕುರ್ಚಿಯ ಕೆಳಗಿಟ್ಟು, ತನ್ನ ಮೇಲೆ ತಾನೇ ಸಿಟ್ಟಾಗುತ್ತಿದ್ದಳು. ಮೀಸಲಾತಿ ಬಂದ ಮೊದಲ ಚುನಾವಣೆಯಲ್ಲಿ ಗೆದ್ದು ಪುರಸಭೆಯ ಮೆಂಬರಾದ ಹೆಂಗಸು, ಎರಡು ಮಕ್ಕಳ ತಾಯಿ, ಮನೆಗೆ ಹೋಗಿ ಬರುತ್ತೇನೆ ಎಂಬ ಒಂದು ಮಾತನ್ನು ಗಂಡಸರ ಮುಂದೆ ಆಡಲಾರದೆ ಚಹಾದ ಮೇಲೆ ಚಹಾ ಕುಡಿಯುತ್ತಾಳಲ್ಲ.

ಮಾಸ್ತರರು ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ. ಈ ಖಜಾನೆ ಸಂರಕ್ಷಣೆಗೆ ಯೋಗ್ಯವೋ ಅಲ್ಲವೋ ಎಂದು ಸಾಹೇಬರ ಎದುರಿಗೆ ಊರಿನ ಮೂರು ಜನ ತಮ್ಮ ಅಭಿಪ್ರಾಯ ಹೇಳಬೇಕಾಗಿತ್ತು. ಇತಿಹಾಸ ಪಾಠ ಮಾಡಿ ನಿವೃತ್ತರಾದ ವೆಂಕೋಬ ಮಾಸ್ತರರು ಯೋಗ್ಯ ಎನ್ನುವವರು. ಗುತ್ತಿಗೆದಾರನೂ ಮೆಂಬರನೂ ಆದ ಕನಕರಾಯ ಅಲ್ಲ ಎನ್ನುವವನು. ಅವನಿಗೆ ಇಲ್ಲಿ ಅಂಗಡಿ ಸಾಲು ಕಟ್ಟಬೇಕಾಗಿತ್ತು. ಉಳಿದವಳು ಈ ವಾರ್ಡಿನ ಮೆಂಬರು ಗಾಳೆಮ್ಮ. ಒಂದು ವಾರದಿಂದ ಇಬ್ಬರೂ ಅವಳ ಮನೆಗೆ ಬಂದು ಬಂದು ಹೊಸ್ತಿಲು ಸವೆಸಿದ್ದರು. ಬಂದವರು ಅವಳೊಡನೆ ಮಾತಾಡಿದ್ದರೂ ಒಂದು ಮಾತಾಗುತ್ತಿತ್ತು. ಅವರು ಪಡಸಾಲೆಯಲ್ಲಿ ಅವಳ ಗಂಡ ಅಂಬಪ್ಪನ ಎದುರಿಗೆ ಕೂತು, “ನಿಮ್ಮ ಮನಿಯವರಿಗೆ ಸ್ವಲ್ಪ ತಿಳಿಸಿ ಹೇಳ್ರಿ,” ಎನ್ನುತ್ತಿದ್ದರು. ಅವಳು ಒಳಗೆ ರೊಟ್ಟಿ ಬಡಿಯುತ್ತಾ, ತನ್ನ ಮನಸ್ಸು ಯಾವ ಕಡೆಗಿದೆ ಎಂದು ಬೇರೆಯವರು ಚರ್ಚೆ ಮಾಡುವುದನ್ನು ಕೇಳಿಸಿಕೊಳ್ಳುತ್ತಿದ್ದಳು. ಲೈನ್‌ಮನ್ ಕೆಲಸದ ಅಂಬಪ್ಪ ಕಂಬ ಹತ್ತಿ ದಣಿದು ಬಂದವನು, ಇಬ್ಬರಿಗೂ ಹೂಂ ಹೂಂ ಎಂದು, ಅವರು ಹೋದ ಮೇಲೆ, “ಏನರ ಒಂದು ಹೇಳಿ ಮುಗಿಸಿಬಿಡಬೇ ಮಾರಾಯ್ತಿ, ನನಗ ನಿದ್ದಿ ಇಲ್ಲದಂಗ ಆಗೇತಿ,” ಎಂದಿದ್ದ. ಏನಾದರೂ ಒಂದು. ಅದೇ ತಾನೇ ಅವಳಿಗೆ ಆಗದಿದ್ದದ್ದು.

ತಲೆ ಎತ್ತಿ ಖಜಾನೆಯನ್ನು ನೋಡಿದಳು. ನೋಡಿದರೆ ನಗು ಬರಬೇಕು, ಅಳು ಬರುತ್ತಿತ್ತು. ನಿಜಾಮರ ಕಾಲದಲ್ಲಿ ಲಿಂಗಸುಗೂರು ಜಿಲ್ಲೆಯಾಗಿದ್ದಾಗ ಸರಕಾರದ ಹಣ ಇಡುತ್ತಿದ್ದರು ಎಂದು ಹೇಳುವ ಈ ಕಟ್ಟಡಕ್ಕೆ ಆಳೆತ್ತರದ ಮೂರು ಕಮಾನು, ಕಮಾನುಗಳ ಮೇಲೆ ಗಾರೆಯಲ್ಲಿ ಮಾಡಿದ ಹೂಬಳ್ಳಿ. ಮೊನ್ನೆಯತನಕ ಅದು ಹೊಗೆ ಕುಡಿದ ಅಡುಗೆಮನೆಯ ಗೋಡೆಯ ಬಣ್ಣಕ್ಕಿತ್ತು. ಸಾಹೇಬರು ಬರುತ್ತಾರೆ ಎಂದು ತಿಳಿದದ್ದೇ ಮಾಸ್ತರರು ತಮ್ಮ ಹಳೆಯ ವಿದ್ಯಾರ್ಥಿಗಳನ್ನೆಲ್ಲ ಕೂಡಿಸಿ, ಬೀಗರು ಬರುವ ಮನೆಗೆ ಹಚ್ಚುವ ಹಾಗೆ ದಪ್ಪಗೆ ಸುಣ್ಣ ಹಚ್ಚಿಸಿ, ಬೆಳ್ಳಗೆ ಹೊಳೆಯಲಿ ಎಂದು ಅದರಲ್ಲಿ ನೀಲಿ ಕಲಸಿ, ಕಮಾನಿನ ಅಂಚಿಗೆ ಕೆಮ್ಮಣ್ಣಿನ ಪಟ್ಟಿ ಎಳೆಸಿದ್ದರು. ಹೂಬಳ್ಳಿ ಎಲ್ಲಿತ್ತು ಎಂದು ಈಗ ಹುಡುಕಬೇಕಾಗಿತ್ತು. ಬಾಗಿಲಿಗೆ ಮಾವಿನ ತೋರಣ ಬೇರೆ. ಮಾಸ್ತರರು ಐದು ನಿಮಿಷಕ್ಕೊಮ್ಮೆ ದೂರ ಹೋಗಿ ನಿಂತು, ಸೊಸೆಯನ್ನು ನೋಡಲು ಬಂದ ಮಾವನಂತೆ ಕಟ್ಟಡವನ್ನು ನೋಡಿ ತಲೆದೂಗುತ್ತಿದ್ದರು. “ಒಮ್ಮೆ ಸಂರಕ್ಷಿತ ಅಂತಾತಂದರ ಮುಗೀತು ನೋಡ್ರಿ. ಸುತ್ತ ತಂತಿ ಬೇಲಿ ಬರ್ತೈತಿ. ಈ ಕಂಪೌಂಡಿನಾಗ ಯಾರೂ ಒಂದು ಗುದ್ದಲಿ ಹಾಕಂಗಿಲ್ಲ!” ಎಂದು ಹಿಗ್ಗಿನಿಂದ ಹೇಳಿದ್ದರು. ಆ ಗುದ್ದಲಿಯ ಮಾತೇ ಗಾಳೆಮ್ಮನನ್ನು ತಿನ್ನುತ್ತಿದ್ದುದು. ಈ ಕಂಪೌಂಡಿನ ಮೂಲೆಯಲ್ಲಿ ಹೆಣ್ಣುಮಕ್ಕಳಿಗೆ ಪಾಯಖಾನೆ ಕಟ್ಟಿಸುತ್ತೇನೆ ಎಂದು ಓಣಿ ಓಣಿ ತಿರುಗಿ, ಸೆರಗೊಡ್ಡಿ ಕೇಳಿ, ಅವಳು ಓಟು ತಗೊಂಡಿದ್ದಳು. ವಾರ್ಡಿನಲ್ಲಿ ಸರಕಾರದ ಜಾಗ ಎಂದು ಇದ್ದದ್ದು ಇದೊಂದೇ.

ಹಾಗಾದರೆ ಕೆಡವಿರಿ ಎಂದುಬಿಡಬಹುದಿತ್ತು. ಕನಕರಾಯ ಅದನ್ನೇ ಹೇಳುತ್ತಿದ್ದ. “ಮುಂದ ಅಂಗಡಿ, ಹಿಂದ ಹೆಣ್ಮಕ್ಕಳಿಗೆ ನಾಕು ಪಾಯಖಾನಿ. ನಕ್ಷಾದಾಗ ಹಾಕಿಸೇ ಬಿಟ್ಟೀನಿ ತಂಗಿ. ನೀ ಹೂಂ ಅಂದರ ಅಮಾಸಿ ಒಳಗ ನೆಲಸಮ.” ಸಂತೆಯ ಬಯಲಿನಲ್ಲಿ ಹಿಂದೆ ಅವನೇ ಒಂದು ಪಾಯಖಾನೆ ಕಟ್ಟಿಸಿದ್ದ. ಗೋಡೆಯ ಮೇಲೆ ಸೀರೆ ಉಟ್ಟ ಹೆಣ್ಣಿನ ಚಿತ್ರವನ್ನೂ ಬರೆಸಿದ್ದ. ಅದಕ್ಕೆ ಇವತ್ತಿಗೂ ಬೀಗ; ಒಳಗೆ ಅವನ ಸಿಮೆಂಟಿನ ಚೀಲ. ಒಮ್ಮೆ ಸಂತೆಗೆ ಬಂದ ಮುದಗಲ್ ಕಡೆಯ ಬಸುರಿಯೊಬ್ಬಳು ಆ ಚಿತ್ರ ನೋಡಿ ಹತ್ತಿರ ಹೋಗಿ, ಬೀಗ ಜಗ್ಗಿ ನೋಡಿ, ಅಲ್ಲೇ ಗೋಡೆಗೆ ಹಣೆ ಹಚ್ಚಿ ನಿಂತದ್ದನ್ನು ಗಾಳೆಮ್ಮ ಕಂಡಿದ್ದಳು. ಆ ಹೆಂಗಸನ್ನು ಕೈಹಿಡಿದು ತನ್ನ ಮನೆಗೆ ಕರೆದುಕೊಂಡು ಹೋಗಬಹುದಿತ್ತು ಎಂದು ಅವಳಿಗೆ ಹೊಳೆದದ್ದು ರಾತ್ರಿ ಹಾಸಿಗೆ ಹಾಸುವಾಗ. ಒಳ್ಳೆಯದೆಲ್ಲ ತನಗೆ ಯಾಕೆ ಹೊತ್ತು ಮೀರಿದ ಮೇಲೆ ಹೊಳೆಯುತ್ತದೆ?

ಹೊಟ್ಟೆಯ ಕೆಳಗಿನ ಕಲ್ಲು ಇನ್ನಷ್ಟು ಭಾರವಾಯಿತು. ಸೀರೆಯ ನಿರಿಗೆಯನ್ನು ಮೊಣಕಾಲ ನಡುವೆ ಒತ್ತಿ ಹಿಡಿದಳು. ಹೀಗೆಯೇ ಒತ್ತಿ ಹಿಡಿದುಕೊಂಡು ಅವಳು ಹಿಂದೊಮ್ಮೆ ಕೂತಿದ್ದಳು, ಮದುವೆಯಾಗಿ ಬಂದ ಹೊಸದರಲ್ಲಿ. ಅವಳ ತವರು ಹಟ್ಟಿ. ಅಪ್ಪ ಚಿನ್ನದ ಗಣಿಯಲ್ಲಿ ಶಿಫ್ಟಿನ ಕೆಲಸಕ್ಕಿದ್ದ, ಕಂಪನಿ ಕೊಟ್ಟ ಮನೆಗೆ ಪಾಯಖಾನೆಯಿತ್ತು, ಅದಕ್ಕೊಂದು ತಗಡಿನ ಬಾಗಿಲಿತ್ತು, ಬಾಗಿಲಿಗೆ ಒಳಚಿಲಕವಿತ್ತು. ಆ ಚಿಲಕದ ಸದ್ದು ಎಷ್ಟು ಸಣ್ಣದು, ಎಷ್ಟು ದೊಡ್ಡದು ಎಂದು ಅವಳಿಗೆ ಗೊತ್ತಾದದ್ದು ಲಿಂಗಸುಗೂರಿಗೆ ಬಂದ ಮೇಲೆ. ಹೊಸ ಮನೆಯಲ್ಲಿ ಯಾರನ್ನು ಕೇಳುವುದು, ಏನೆಂದು ಕೇಳುವುದು? ನೀರು ಕುಡಿಯುವುದನ್ನು ಬಿಟ್ಟಳು. ಊಟಕ್ಕೆ ಹಸಿವಿಲ್ಲ ಎಂದಳು. ಮೂರನೆಯ ದಿನ ಸಂಜೆ ಮೈ ಕೆಂಡವಾಗಿ, ಬಾಗಿಲ ಮರೆಯಲ್ಲಿ ಮುದುಡಿ ಕೂತಿದ್ದವಳ ಹತ್ತಿರ ಅತ್ತೆ ತಿಮ್ಮವ್ವ ಬಂದು, ಹಣೆ ಮುಟ್ಟಿ ನೋಡಿ, ಏನೂ ಕೇಳದೆ ಒಂದು ಚರಿಗೆಗೆ ನೀರು ತುಂಬಿ ಕೈಯಲ್ಲಿಟ್ಟಿದ್ದಳು. ಇಲ್ಲಿಗೇ ಕರೆದುಕೊಂಡು ಬಂದಿದ್ದಳು. ಮುಂದಿನ ಕಮಾನಿನ ಕಡೆಗಲ್ಲ. ಕಂಪೌಂಡಿನ ಗೋಡೆ ಕುಸಿದು ಆದ ಸಂದಿಯಲ್ಲಿ ತೂರಿ, ಹಿಂದಕ್ಕೆ. ಅಲ್ಲಿ ಮುಸ್ಸಂಜೆಯಲ್ಲಿ ಮೂರು ಓಣಿಯ ಹೆಂಗಸರು ಆಗಲೇ ಬಂದಿದ್ದರು. ಹೊಸದಾಗಿ ಬಂದ ಸೊಸೆಗೆ ಗೋಡೆಯ ಬುಡದ ಜಾಗ, ಬಸುರಿಗೆ ಅದರ ಪಕ್ಕ, ವಯಸ್ಸಾದವರು ಹೊರಗಿನ ಸುತ್ತಿನಲ್ಲಿ, ದಾರಿಗೆ ಮುಖ ಮಾಡಿ. ಗಂಡಸಿನ ಹೆಜ್ಜೆ ಕೇಳಿದರೆ ಅವರು ಕೆಮ್ಮಬೇಕು. ಹೀಗೆಂದು ಯಾರೂ ಮಾಡಿದ್ದಲ್ಲ, ಹಾಗೇ ನಡೆದುಬಂದದ್ದು. ನಾಚಿಕೆಯಿಂದ ಗಾಳೆಮ್ಮನಿಗೆ ಏನೂ ಆಗಲೊಲ್ಲದು. ತಿಮ್ಮವ್ವ ಅವಳ ಮುಂದೆ ಬೆನ್ನು ಮಾಡಿ ನಿಂತು, ಸೆರಗನ್ನು ಎರಡು ಕೈಯಲ್ಲಿ ಅಗಲಕ್ಕೆ ಹಿಡಿದು, ಮುಖ ತಿರುಗಿಸದೆ, “ಅವಸರ ಇಲ್ಲವಾ. ನನಗೇನು ಮನ್ಯಾಗ ಕೂಸು ಅಳಾಕತ್ತಿಲ್ಲ,” ಎಂದಿದ್ದಳು. ಆ ಗೋಡೆ ಬೆನ್ನಿಗೆ ತಾಗುತ್ತಿತ್ತು. ಹಗಲಿನ ಬಿಸಿಲು ಕುಡಿದ ಕಲ್ಲು ಇನ್ನೂ ಬೆಚ್ಚಗಿತ್ತು. ಗಂಡನ ಮನೆಯಲ್ಲಿ ಅವಳು ಮೊದಲು ಅತ್ತದ್ದು ಅಲ್ಲಿ, ಹಗುರಾದ ಮೇಲೆ.

“ಬಂತು, ಬಂತು!” ಎಂದು ಮಾಸ್ತರರು ಓಡಿದರು. ಬಂದದ್ದು ಜೀಪಲ್ಲ, ಭತ್ತದ ಚೀಲ ಹೇರಿದ ಟ್ರ್ಯಾಕ್ಟರು. ಗಾಳೆಮ್ಮ ಎದ್ದವಳು ಮತ್ತೆ ಕೂತಳು.

ಮನೆಯಲ್ಲಿ ಅಂಬಪ್ಪ ಪಾಯಖಾನೆ ಕಟ್ಟಿಸಿದ್ದು ಎರಡನೆಯ ಮಗಳು ಹುಟ್ಟಿದ ವರ್ಷ. ಅವಳೇ ಹಟ ಹಿಡಿದು ಕಟ್ಟಿಸಿದ್ದು. ಅದಕ್ಕೂ ಒಳಚಿಲಕವಿತ್ತು. ತಿಮ್ಮವ್ವ ಮಾತ್ರ ಒಂದು ದಿನವೂ ಅದರೊಳಗೆ ಕಾಲಿಡಲಿಲ್ಲ. “ಆ ಗೂಡಿನ್ಯಾಗ ನನಗ ಉಸಿರು ಕಟ್ಟತೈತಿ. ಮಾತಾಡಾಕ ಒಬ್ಬರಿಲ್ಲ,” ಎಂದು ಮೊಣಕಾಲು ನೋವಿನಲ್ಲೂ ಚರಿಗೆ ಹಿಡಿದು ಗೋಡೆಯ ಕಡೆಗೇ ಹೋಗುತ್ತಿದ್ದಳು. ಗಾಳೆಮ್ಮ ಹೋಗುವುದನ್ನು ಬಿಟ್ಟಳು. ಬಿಟ್ಟ ಮೇಲೆ ಓಣಿಯ ಸುದ್ದಿ ಅವಳಿಗೆ ತಡವಾಗಿ ಬರತೊಡಗಿತು. ಯಾರಿಗೆ ತಿಂಗಳು ನಿಂತಿದೆ, ಯಾರ ಗಂಡ ಹೊಡೆದ, ಯಾವ ಹುಡುಗಿಯನ್ನು ನೋಡಲು ವಳಕಮದಿನ್ನಿಯವರು ಬರುತ್ತಾರೆ ಎಂಬುದೆಲ್ಲ ಮೊದಲು ಆ ಗೋಡೆಯ ಹಿಂದೆ ಹುಟ್ಟಿ, ಆಮೇಲೆ ಊರಿಗೆ ಬರುವುದು. ನಳದ ಹತ್ತಿರ ಅವಳು ಬಂದರೆ ಹೆಂಗಸರು ಮಾತು ನಿಲ್ಲಿಸಿ, “ಕೊಡ ಇಡ್ರಿ ಗಾಳೆಮ್ಮಾರ,” ಎಂದು ‘ರಿ’ ಹಚ್ಚಿ ಜಾಗ ಬಿಡುತ್ತಿದ್ದರು. ಮೆಂಬರಾದ ಮೇಲೆ ಈ ‘ರಿ’ ಇನ್ನೂ ಜೋರಾಯಿತು. ಪಕ್ಕದ ಮನೆಯ ಪೀರ್‌ಬೀ ಒಬ್ಬಳೇ ಈಗಲೂ ‘ನೀ’ ಎನ್ನುವವಳು, ಅವಳೂ ಮೊನ್ನೆ, “ಪಾಯಖಾನಿ ಯಾವಾಗ ಬೇ? ನಿನಗೇನು, ನಿಂದು ಮನ್ಯಾಗ ಐತಿ,” ಎಂದಿದ್ದಳು. ಮುಸುರೆ ತಿಕ್ಕುವಾಗ, ಮಕ್ಕಳಿಗೆ ತಲೆ ಬಾಚುವಾಗ ಆ ಮಾತು ನೆನಪಾಗಿ ಬಾಚಣಿಗೆ ಗಟ್ಟಿಯಾಗಿ ಎಳೆದು, ಮಗಳು “ಅವ್ವಾ, ನೋಯ್ತೈತಿ” ಎಂದರೆ ಮತ್ತೆ ಅವಳ ತಲೆ ಸವರಿ, ಮತ್ತೆ ಬಾಚುವುದು.

ಹೊತ್ತು ಇಳಿಯಿತು. ಬೇವಿನ ನೆರಳು ಉದ್ದವಾಗಿ ಖಜಾನೆಯ ಮೆಟ್ಟಿಲು ಹತ್ತಿತು. ದನ ಬಂದವು, ಧೂಳು ಎದ್ದಿತು, ಮಸೀದಿಯಿಂದ ಬಾಂಗು ಕೇಳಿತು. ಗಾಳೆಮ್ಮನಿಗೆ ಆಗ ಹೊಳೆಯಿತು: ಇನ್ನು ಗೋಡೆಯ ಹಿಂದೆ ಹೋಗುವ ಹೆಂಗಸರ ಹೊತ್ತು. ಅಯ್ಯೋ, ಎಂಥ ಗಳಿಗೆಗೆ ಬರುತ್ತಿದ್ದಾನಪ್ಪ ಈ ಸಾಹೇಬ! ನೋಡುತ್ತಿದ್ದಂತೆ ಓಣಿಯ ತಿರುವಿನಲ್ಲಿ ಮೊದಲ ಚರಿಗೆ ಕಂಡಿತು, ಅದರ ಹಿಂದೆ ಇನ್ನೊಂದು. ಕುರ್ಚಿಗಳನ್ನೂ ಗಂಡಸರನ್ನೂ ಕಂಡು ಹೆಂಗಸರು ಸೆರಗು ಮುಂದಕ್ಕೆಳೆದು, ಗೋಡೆಗೆ ಹತ್ತಿಕೊಂಡು ಸಂದಿಯ ಕಡೆ ಸರಿದರು. ಎಲ್ಲರ ಹಿಂದೆ ತಿಮ್ಮವ್ವ, ಒಂದು ಕೈ ಸೊಂಟದ ಮೇಲೆ, ಒಂದು ಕೈಯಲ್ಲಿ ಚರಿಗೆ. ಗಂಡಸರ ನಡುವೆ ಕುರ್ಚಿಯ ಮೇಲೆ ಕೂತ ಸೊಸೆಯನ್ನು ಅವಳು ಒಂದು ಕ್ಷಣ ನಿಂತು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಮಗಳನ್ನು ದೊಡ್ಡ ಶಾಲೆಗೆ ಸೇರಿಸಿದ ತಾಯಿ ಗೇಟಿನ ಹೊರಗೆ ನಿಂತು ನೋಡುವ ಹಾಗಿತ್ತು. ಹೋಗಬೇಡಿ ಅತ್ತೆ, ಇವತ್ತೊಂದು ದಿನ ಹೋಗಬೇಡಿ ಎಂದು ಕೂಗಬೇಕೆನಿಸಿತು. ಹೋಗದೆ ಏನು ಮಾಡಬೇಕು ಅವರು? ಬೆಳಗಿನಿಂದ ತಾನು ಹಿಡಿದು ಕೂತ ಹಾಗೆ ಕೂತಿರಬೇಕೆ? ತಿಮ್ಮವ್ವ ಸಂದಿಯಲ್ಲಿ ತೂರಿ ಮರೆಯಾದಳು. ಜೀಪು ಬಂದದ್ದು ಆವಾಗ.

ಸಾಹೇಬರು ಬೆಂಗಳೂರಿನ ಕಡೆಯ ಎಳೆಯ ಮನುಷ್ಯ, ಮಸ್ಕಿಯ ಬಿಸಿಲಿಗೆ ಮುಖ ಕೆಂಪಾಗಿತ್ತು. ತಡವಾಯಿತು, ಕ್ಷಮಿಸಿ ಎಂದು ಎಲ್ಲರಿಗೂ ಕೈ ಮುಗಿದರು. ಮಾಸ್ತರರು ಹಾರ ಹಾಕಿದರು. ಹಾರದೊಳಗಿಂದ ತಲೆಯೆತ್ತಿ ಕಟ್ಟಡ ನೋಡಿದ ಸಾಹೇಬರ ಮುಖ ಜೋತುಬಿತ್ತು.

“ಇದಕ್ಕೆ ಸುಣ್ಣ ಬಳಿದವರು ಯಾರು?”

“ನಾವ ಸರ್!” ಎಂದು ಮಾಸ್ತರರು ಎದೆ ಮುಂದೆ ಮಾಡಿದರು. “ನೀಲಿ ಹಾಕಿ ಎರಡು ಕೋಟ್ ಹೊಡಿಸೀವಿ.”

ಸಾಹೇಬರು ಕಮಾನಿನ ಹತ್ತಿರ ಹೋಗಿ ಉಗುರಿನಿಂದ ಸುಣ್ಣ ಕೆರೆದು ನೋಡಿ, ಏನೋ ಹೇಳಲು ಹೋಗಿ, ಮಾಸ್ತರರ ಮುಖ ನೋಡಿ ನುಂಗಿಕೊಂಡರು. ಕನಕರಾಯ ಗಾಳೆಮ್ಮನ ಕಡೆ ಬಾಗಿ, “ಮಾಸ್ತರ ಕೈಯಾರ ಕೆಡವಿದ ನೋಡು. ನನ್ನ ಆಳಿಗೆ ಕೆಲಸಾನ ಉಳಿಸಲಿಲ್ಲ,” ಎಂದು ನಕ್ಕ.

“ಮುಂಭಾಗ ನೋಡಿ ಏನೂ ಹೇಳೋಕಾಗಲ್ಲ. ಹಿಂದಿನ ಗೋಡೆಗೆ ಬಳಿದಿಲ್ಲ ತಾನೇ?” ಎಂದು ಸಾಹೇಬರು ಚೀಲದಿಂದ ಬ್ಯಾಟರಿ ತೆಗೆದು ಹೊತ್ತಿಸಿದರು. “ಹಳೇ ಗಾರೆ ಅಲ್ಲಾದರೂ ಉಳಿದಿರುತ್ತೆ. ದಾರಿ ಎಲ್ಲಿ?”

ಸಾಹೇಬರು ತಾವೇ ಸಂದಿಯನ್ನು ಕಂಡು ಆ ಕಡೆ ನಡೆದರು. ಗಾಳೆಮ್ಮ ಯಾವಾಗ ಎದ್ದಳೋ ಅವಳಿಗೇ ತಿಳಿಯದು. ಬಿದ್ದ ಕುರ್ಚಿಯ ಸದ್ದು ಕೇಳಿತು. ನೋಡಿದರೆ ಅವಳು ಸಂದಿಯಲ್ಲಿ, ಎರಡೂ ಕಡೆಯ ಕಲ್ಲಿಗೆ ಕೈಯಾನಿಸಿ ನಿಂತಿದ್ದಳು.

“ಬರಬ್ಯಾಡ್ರಿ.”

“ಯಾಕಮ್ಮ? ಹಾವಿದೆಯಾ?”

“ಹಾವಿಲ್ರಿ. ಹೆಣ್ಮಕ್ಕಳು ಅದಾರ.”

“ಇರಲಿ, ಒಂದೇ ನಿಮಿಷ, ಗೋಡೆ ನೋಡಿ ಬಂದುಬಿಡ್ತೀನಿ. ಅವರು ಏನು ಮಾಡ್ತಿದ್ದಾರೆ ಅಲ್ಲಿ?”

ಅವರು ನಿಜವಾಗಿಯೂ ತಿಳಿಯದೆ ಕೇಳಿದರು. ಗಾಳೆಮ್ಮ ಮಾಸ್ತರರ ಮುಖ ನೋಡಿದಳು. ಅವರ ಹೆಂಡತಿ ಪಾರ್ವತೆಮ್ಮ, ಮಂಡಿ ಹಿಡಿದುಕೊಂಡು, ಈಗಷ್ಟೇ ಇದೇ ಸಂದಿಯಲ್ಲಿ ಹೋಗಿದ್ದಳು. ಮಾಸ್ತರರು ಬೇವಿನ ಗಿಡದ ತುದಿಯಲ್ಲಿ ಏನನ್ನೋ ಹುಡುಕುತ್ತಿದ್ದರು. ಕನಕರಾಯನ ದೊಡ್ಡವ್ವ ಒಳಗಿದ್ದಳು. ಅವನು ಚಪ್ಪಲಿಯ ಪಟ್ಟಿ ಸರಿಮಾಡಲು ಬಗ್ಗಿದ್ದ. ನಿಂತ ಗಂಡಸರಲ್ಲಿ ಒಬ್ಬೊಬ್ಬನ ಅವ್ವನೋ ಅಕ್ಕನೋ ಹೆಂಡತಿಯೋ ಆ ಗೋಡೆಯ ಹಿಂದೆ ಇದ್ದರು, ಒಬ್ಬೊಬ್ಬನಿಗೂ ಅದು ಗೊತ್ತಿತ್ತು, ಗೊತ್ತಿಲ್ಲದವನು ಬೆಂಗಳೂರಿನವನೊಬ್ಬನೇ.

“ಅದು... ಹೆಣ್ಮಕ್ಕಳು ಸಂಜೀ ಮುಂದ ವಾಯುವಿಹಾರಕ್ಕ ಬರ್ತಾರ್ರಿ,” ಎಂದರು ಮಾಸ್ತರರು, ಗಿಡದಿಂದ ಕಣ್ಣು ತೆಗೆಯದೆ.

ಗಾಳೆಮ್ಮನಿಗೆ ಬೆಳಗಿನಿಂದ ಕುಡಿದ ಚಹಾ ಎಲ್ಲ ಒಮ್ಮೆಲೇ ತಲೆಗೇರಿದಂತಾಯಿತು.

“ವಿಹಾರಕ್ಕಲ್ರಿ. ಹೊರಕಡಿಗೆ ಕುಂತಾರ. ಇವರ ಮನಿಯವ್ರು, ಆ ಯಪ್ಪನ ದೊಡ್ಡವ್ವ, ನಮ್ಮತ್ತಿ, ಇಡೀ ವಾರ್ಡು. ಅವರಿಗೆ ಬ್ಯಾರೆ ಜಾಗ ಇಲ್ರಿ. ಈ ಗ್ವಾಡಿ ಒಂದ ಐತಿ.”

ಹಿಂದಿನಿಂದ ಒಂದು ಕೆಮ್ಮು ಕೇಳಿತು. ಆಮೇಲೆ ಇನ್ನೊಂದು. ಕೊನೆಗೆ ತಿಮ್ಮವ್ವನ ದನಿ, ಗೋಡೆ ದಾಟಿ: “ಯಾವನಲೇ ಅವ ಬ್ಯಾಟ್ರಿ ಬಿಡಾವ? ಕಣ್ಣಾಗ ಸುಣ್ಣ ಹಾಕ್ತೀನಿ ನೋಡು!”

ಸಾಹೇಬರು ಬ್ಯಾಟರಿ ಆರಿಸಿ, ಮೂರು ಹೆಜ್ಜೆ ಹಿಂದೆ ಸರಿದು, ಗಾಳೆಮ್ಮನಿಗೆ ಬೆನ್ನು ಮಾಡಿ ನಿಂತರು. ಒಳ್ಳೆಯ ತಾಯಿ ಬೆಳೆಸಿದ ಮಗ ಎಂದು ಆ ಸಿಟ್ಟಿನಲ್ಲೂ ಅವಳಿಗೆ ಅನಿಸಿತು. ಹಾಗೇ ಬೆನ್ನು ಮಾಡಿಕೊಂಡೇ ಅವರು ಮೆಲ್ಲಗೆ ಹೇಳಿದರು, “ಹಾಗಾದರೆ ನಿಮ್ಮ ಅಭಿಪ್ರಾಯ ಗೊತ್ತಾಯ್ತು. ಇದನ್ನ ತೆಗೆದು ಹೆಂಗಸರಿಗೆ ಶೌಚಾಲಯ ಕಟ್ಟಬೇಕು. ಅದು ನ್ಯಾಯವೇ. ನಾನು ಹಾಗೇ ಹೇಳ್ತೀನಿ ಮೇಲಿನವರಿಗೆ.”

ಕನಕರಾಯ ಚಪ್ಪಲಿಯ ಪಟ್ಟಿ ಬಿಟ್ಟು ಎದ್ದು ನಿಂತ. ಅವನ ಮುಖದಲ್ಲಿ ನಗು ಹರಡುತ್ತಿತ್ತು. ಗಾಳೆಮ್ಮ ಆ ನಗುವನ್ನು ನೋಡಿದಳು, ಸಂತೆಯ ಬಯಲಿನ ಬೀಗ ನೋಡಿದಳು, ಆ ಬೀಗದ ಮುಂದೆ ಹಣೆ ಹಚ್ಚಿ ನಿಂತ ಬಸುರಿಯನ್ನು ನೋಡಿದಳು. ಅಮಾವಾಸ್ಯೆಯೊಳಗೆ ನೆಲಸಮ. ಸರಿ, ಅಮಾವಾಸ್ಯೆಯ ಮರುದಿನ ಸಂಜೆ? ಅಂಗಡಿ ಏಳುವತನಕ, ನಕ್ಷೆಯಲ್ಲಿರುವ ನಾಲ್ಕು ಬಾಗಿಲು ನೆಲದ ಮೇಲೆ ಬರುವತನಕ, ಅವುಗಳ ಬೀಗ ತೆರೆಯುವತನಕ ಈ ಚರಿಗೆಗಳೆಲ್ಲ ಎಲ್ಲಿ ಹೋಗಬೇಕು? ವಾರದಿಂದ ಪಡಸಾಲೆಯಲ್ಲಿ ಕೂತು ಮಾತಾಡಿದವರಲ್ಲಿ ಒಬ್ಬರಾದರೂ ಆ ಮರುದಿನದ ಮಾತು ಎತ್ತಿರಲಿಲ್ಲ. ತನಗೂ ಹೊಳೆದಿರಲಿಲ್ಲ. ಮನೆಯಲ್ಲಿ ಚಿಲಕ ಇದ್ದವಳಿಗೆ ಎಲ್ಲಿಂದ ಹೊಳೆಯಬೇಕು.

“ಕೆಡವಬ್ಯಾಡ್ರಿ,” ಎಂದಳು. “ಉಳಸ್ರಿ. ನಂದೂ ಹೌದು ಅಂತ ಬರ್ಕೊಳ್ರಿ.”

ಸಾಹೇಬರು ತಿರುಗಿದರು. ಮಾಸ್ತರರ ಕಣ್ಣು ಗಿಡದಿಂದ ಕೆಳಗಿಳಿಯಿತು.

“ಏನಂತೀಯ ತಂಗಿ?” ಕನಕರಾಯನ ದನಿ ಒರಟಾಯಿತು. “ಪಾಯಖಾನಿ ಕಟ್ಟಸ್ತೀನಿ ಅಂತ ಓಟು ತಗೊಂಡಾಕಿ ನೀ. ಈಗ ಗ್ವಾಡಿ ಉಳಸ್ತೀನಿ ಅಂದರ ಆ ಹೆಣ್ಮಕ್ಕಳಿಗೆ ಹೆಂಗ ಮುಖ ತೋರಿಸ್ತಿ?”

ತಟ್ಟಬೇಕಾದಲ್ಲಿಯೇ ತಟ್ಟಿತು. ಅವಳು ಸಾಹೇಬರನ್ನೇ ಕೇಳಿದಳು: “ಸಂರಕ್ಷಿತ ಅಂತ ಬೋರ್ಡು ಹಚ್ಚಿ ಹೋದಮ್ಯಾಗ ನಿಮ್ಮವರು ಮತ್ತ ಯಾವಾಗ ಬರ್ತಾರ್ರಿ?”

“ಸಿಬ್ಬಂದಿ ಕಡಿಮೆ ಅಮ್ಮ... ವರ್ಷಗಟ್ಟಲೆ ಆಗುತ್ತೆ, ಸುಳ್ಳು ಯಾಕೆ ಹೇಳಲಿ. ಆದರೆ ಬೇಲಿ ಹಾಕಿಸ್ತೀವಿ.”

“ಬೇಲಿ ಹಾಕ್ರಿ. ಇಲ್ಲಿ ಇಷ್ಟು ಸಂದು ಬಿಡ್ರಿ.” ಅವಳು ತಾನು ನಿಂತ ಜಾಗವನ್ನು ಎರಡು ಕೈಯಿಂದ ಅಳತೆ ಮಾಡಿ ತೋರಿಸಿದಳು. “ಪಾಯಖಾನಿ ನಾ ಎಲ್ಲೆರ ಕಟ್ಟಸ್ತೀನಿ, ಯಾರ ಕಾಲರ ಬೀಳ್ತೀನಿ. ಅಲ್ಲೀತನ ಇದನ್ನ ಯಾರೂ ಮುಟ್ಟಬ್ಯಾಡ್ರಿ.”

“ಬೇಲಿಯಲ್ಲಿ ಸಂದು ಬಿಡಬೇಕು ಅಂತ ನಾನು ಹೇಗಮ್ಮ ಬರೆಯಲಿ?”

“ಬರೀಬ್ಯಾಡ್ರಿ. ಬಿಡ್ರಿ, ಅಷ್ಟ.”

ಸಾಹೇಬರು ಕೊರಳಿನ ಹಾರ ತೆಗೆದು ಕೈಯಲ್ಲಿ ಹಿಡಿದು, ಸಂದಿಯನ್ನೂ ಅದರಲ್ಲಿ ನಿಂತವಳನ್ನೂ ನೋಡಿ ಜೀಪು ಹತ್ತಿದರು. ಆಗಲಿ ಎಂದರೋ ನೋಡೋಣ ಎಂದರೋ, ಜೀಪು ಚಾಲೂ ಆದ ಸದ್ದಿನಲ್ಲಿ ಸರಿಯಾಗಿ ಕೇಳಲಿಲ್ಲ. ಕನಕರಾಯ ಮಾತಿಲ್ಲದೆ ಮೋಟಾರು ಸೈಕಲ್ ಹತ್ತಿ ಹೋದ. ನಾಳೆ ಅವನು ಪಡಸಾಲೆಗೆ ಬರುತ್ತಾನೆ, ಅಂಬಪ್ಪನ ಎದುರು ಕೂತು ಎಲ್ಲ ಹೇಳುತ್ತಾನೆ, ಅಂಬಪ್ಪ ಹೂಂ ಹೂಂ ಎನ್ನುತ್ತಾನೆ. ಮಾಸ್ತರರು ಮಾತ್ರ ಕಣ್ಣಲ್ಲಿ ನೀರು ತಂದುಕೊಂಡು ಹತ್ತಿರ ಬಂದು, “ನಿಮಗ ಇತಿಹಾಸದ ಮ್ಯಾಲೆ ಇಷ್ಟು ಅಭಿಮಾನ ಐತಿ ಅಂತ ನನಗ ಗೊತ್ತಿದ್ದಿಲ್ಲ ನೋಡ್ರಿ ಗಾಳೆಮ್ಮನವರ,” ಎಂದರು.

“ಮನಿಗೆ ಹೋಗ್ರಿ ಮಾಸ್ತರ,” ಎಂದಳು ಗಾಳೆಮ್ಮ. “ನೀವಿಲ್ಲೇ ನಿಂತರ ನಿಮ್ಮನಿಯವ್ರು ಹೊರಗ ಬರಾಕಾಗಂಗಿಲ್ಲ.”

ಅವರು ಹೋದರು. ಈಗ ಅವಳೂ ಮನೆಗೆ ಹೋಗಬಹುದಿತ್ತು. ಮೂರು ಓಣಿ. ಚಿಲಕ ಹಾಕಿದ ಬಾಗಿಲು. ಆದರೆ ಕಾಲು ಆ ಕಡೆ ಏಳಲಿಲ್ಲ. ಅಷ್ಟು ದೂರ ಹೋಗುವ ಸ್ಥಿತಿಯಲ್ಲೂ ಅವಳು ಇರಲಿಲ್ಲ. ಸಂದಿಯಲ್ಲಿ ತಿರುಗಿ ಒಳಗೆ ನಡೆದಳು. ಕತ್ತಲು ಇಳಿಯುತ್ತಿತ್ತು. ಬೇಲಿ, ಬೋರ್ಡು, ಓಟು, ಎಲ್ಲವನ್ನೂ ಇಲ್ಲಿ ಕೂತವರು ಕೇಳಿಸಿಕೊಂಡಿದ್ದರು. ಅವಳು ಬಂದದ್ದೇ ಮಾತು ನಿಂತಿತು. ನಳದ ಹತ್ತಿರ ನಿಲ್ಲುತ್ತಿದ್ದ ಹಾಗೇ.

ಕತ್ತಲಲ್ಲಿ ಪೀರ್‌ಬೀಯ ದನಿ ಬಂತು. “ಆರಿಸಿ ಕಳಿಸಿದ್ದಕ್ಕ ಒಂದು ಸಂದು ಕೊಡಿಸಿದಿ ನೋಡು ಬೇ. ಅದು ಮೊದಲ ಇತ್ತಲ್ಲ!”

ಯಾರೋ ಕಿಸಕ್ಕನೆ ನಕ್ಕರು. ಇನ್ನೊಬ್ಬರು, “ಪಾಯಖಾನಿ ಮರೀಬ್ಯಾಡ ಮತ್ತ,” ಎಂದರು. ಮರೀಬ್ಯಾಡ ಎಂದರು, ಮರೀಬ್ಯಾಡ್ರಿ ಎನ್ನಲಿಲ್ಲ. “ಮರಿಯಂಗಿಲ್ಲ,” ಎಂದಳು ಗಾಳೆಮ್ಮ. ಅದನ್ನು ನಂಬಿದರೋ ಬಿಟ್ಟರೋ, ಮಾತು ಮತ್ತೆ ಅಲ್ಲಲ್ಲಿ ಮೆಲ್ಲಗೆ ಹತ್ತಿಕೊಂಡಿತು, ವಳಕಮದಿನ್ನಿಯವರು ಹುಡುಗಿಯನ್ನು ಒಪ್ಪಿದ್ದಾರಂತೆ ಎಂದು.

ಹೊರಗಿನ ಸುತ್ತಿನಿಂದ ತಿಮ್ಮವ್ವ ಮೊಣಕಾಲಿಗೆ ಕೈಕೊಟ್ಟು ಎದ್ದಳು. ಸೊಸೆಯ ಹತ್ತಿರ ಬಂದು, ಮುಖ ನೋಡಿದಳು, ಒತ್ತಿ ಹಿಡಿದ ನಿರಿಗೆ ನೋಡಿದಳು.

“ಚರಿಗಿ ತಂದಿಲ್ಲೇನ?”

“ಇಲ್ರಿ ಅತ್ತಿ.”

“ಇದರಾಗ ಇನ್ನ ನೀರೈತಿ. ಹಿಡಿ.”

ಚರಿಗೆಯನ್ನು ಅವಳ ಕೈಯಲ್ಲಿಟ್ಟು, ಗೋಡೆಯ ಬುಡದಲ್ಲಿದ್ದ ಯಾರನ್ನೋ “ಸರಿ ಬೇ ಅತ್ತಾಗ” ಎಂದು ಸರಿಸಿ, ತಿಮ್ಮವ್ವ ದಾರಿಯ ಕಡೆ ಮುಖ ಮಾಡಿ ನಿಂತಳು. ಸೆರಗನ್ನು ಎರಡು ಕೈಯಲ್ಲಿ ಅಗಲಕ್ಕೆ ಹಿಡಿದಳು.

“ಕುಂದ್ರು,” ಎಂದಳು. “ಅವಸರ ಇಲ್ಲ.”